ಕಿರಿಯದರ ವಯಸ್ಸು

ಮದರಾಸು ಪ್ರಾಂತದಲ್ಲಿ ಪಾನನಿರೋಧವು ಮೊಟ್ಟಮೊದಲು, 1937ರ ಅಕ್ಟೋಬರ್ 1ರಂದು, ಜಾರಿಗೆ ಬಂದುದು ನಮ್ಮ ಸೇಲಂ ಜಿಲ್ಲೆಯಲ್ಲಿ. ಅಂದು ಧರ್ಮಪುರಿಯೂ ಅದರೊಳಗೇ ಇದ್ದಿತು. 2003ರಿಂದ ಚಿಲ್ಲರೆ ಮದ್ಯವನ್ನು ಸರಕಾರದ ನಿಗಮವೇ ಮಾರುತ್ತಿದೆ. ಇಂತಹ ನಾಡಿನ ಶಿಕ್ಷಕನು ಸ್ಕಾಚ್ ವಿಸ್ಕಿಗಳನ್ನು ಹೋಲಿಸಹೊರಟರೆ ವಾಚಕರು ನಕ್ಕಾರು. ನಾನು ರುಚಿ ನೋಡಿದವನಲ್ಲ. ಪರದೇಶದಿಂದ ಬಂದ ಬಂಧುವೊಬ್ಬರ ಮನೆಯಲ್ಲಿ ಸೀಸೆಗಳ ಚೀಟಿಯನ್ನಷ್ಟೇ ಓದಿದವನು.

ಬೆರಕೆಯ ಸ್ಕಾಚ್ ಎಂದರೆ ಮೊಳೆತ ಬಾರ್ಲಿಯ ಮಾಲ್ಟ್ ವಿಸ್ಕಿಗೆ ಇತರ ಧಾನ್ಯಗಳ ವಿಸ್ಕಿಯನ್ನು ಕೂಡಿಸಿದ್ದು. ಎಲ್ಲವೂ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕು. ಜಾನಿ ವಾಕರ್ ರೆಡ್ ಲೇಬಲ್ ತನ್ನ ವಯಸ್ಸನ್ನು ಹೇಳುವುದಿಲ್ಲ. ಬ್ಲ್ಯಾಕ್ ಲೇಬಲ್ 12 ಎನ್ನುತ್ತದೆ. ಷಿವಾಸ್ ರೀಗಲ್‌ನಲ್ಲಿ 12ರದೂ ಉಂಟು, 18ರದೂ ಉಂಟು. ಈ ಅಂಕಿ ಸರಾಸರಿಯಲ್ಲ. 30 ವರ್ಷದ್ದು ಬೆರೆತಿದ್ದರೂ, ವಯಸ್ಸು ಬರೆಯುವುದಾದರೆ ಅತಿ ಕಿರಿಯದರ ವಯಸ್ಸನ್ನೇ ಬರೆಯಬೇಕೆಂಬುದು ಅಲ್ಲಿನ ಕಾನೂನು.

ಕನ್ನಡ, ತೆಲುಗು, ತಮಿಳು ಮನೆಮಾತಿನ ಮಕ್ಕಳು ಬೆರೆತ ತರಗತಿ ನನ್ನದು. ತನಿಖೆಯ ದಿನ ಮುಂದಿನ ಸಾಲಿನವರಿಂದ ಪದ್ಯ ಹೇಳಿಸುವುದು ಶಾಲೆಗಳ ವಾಡಿಕೆ. ತಂದೆಯ ಕೂಲಿಯೆಲ್ಲ ಮದ್ಯದಂಗಡಿಗೆ ಸಂದ ಮನೆಯ ಹುಡುಗನು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾನೆ. ಅವನಿಗೆ ಒತ್ತಕ್ಷರ ಇನ್ನೂ ಬಾರದು. ನಮ್ಮ ತರಗತಿಗೆ ಚೀಟಿ ಅಂಟಿಸುವುದಾದರೆ ಅದರ ಮೇಲೆ ಬರೆಯತಕ್ಕ ಅಂಕಿ ಅವನದೇ.