ನಾಜಲಿಗೆ ಬಾಯಿ ಇಡಬೇಡ

ನನ್ನ ತಂದೆ ಸುಂಟಿಕೊಪ್ಪದ ಬಳಿಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಮುಂಗಾರಿಗೆ ಮೊದಲು ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಸುವುದೂ ಅವರದೇ ಜವಾಬ್ದಾರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟು ಸೇರಿಸಿದರೆ ತಿಳಿ ಆಕಾಶದ ಬಣ್ಣ. ಅದರಲ್ಲಿ ಚೂರಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ನಾನು ಕಲಿತ ಮೊದಲ ರಸಾಯನಶಾಸ್ತ್ರ ಅದೇ.

ಸುಣ್ಣವನ್ನು ಎಷ್ಟು ಬಟ್ಟೆಯಲ್ಲಿ ಸೋಸಿದರೂ ಔಷಧಿ ಪಂಪಿನ ನಾಜಲು ದಿನಕ್ಕೆ ಹತ್ತು ಸಲ ಕಟ್ಟಿಕೊಳ್ಳುತ್ತಿತ್ತು. ಅವಸರದ ಆಳು ನಾಜಲನ್ನು ಬಿಚ್ಚಿ ಬಾಯಿಗಿಟ್ಟು ಊದಲು ಹೊರಟರೆ, ನಾಲ್ಕು ಸಾಲು ಗಿಡಗಳ ಆಚೆಯಿಂದ ತಂದೆಯ ಕೂಗು ಕೇಳಿಸುತ್ತಿತ್ತು: "ನಾಜಲಿಗೆ ಬಾಯಿ ಇಡಬೇಡ!" ಅವರದು ಮೂರೇ ನಿಯಮ. ಬಾಯಿ ಇಡಬಾರದು. ತಂತಿ ಚುಚ್ಚಬಾರದು, ತೂತು ಅಗಲವಾಗಿ ಹನಿ ದಪ್ಪವಾಗುತ್ತದೆ. ತೆಂಗಿನ ಗರಿಯ ಕಡ್ಡಿಯೇ ಸಾಕು. ಅಂದಿನ ನಾಜಲನ್ನು ಅಂದೇ ಸಂಜೆ ತೊಳೆಯಬೇಕು.

ಫ್ರಾನ್ಸಿನ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಈ ದ್ರಾವಣದ ಗುಣವನ್ನು ಲೋಕಕ್ಕೆ ತಿಳಿಸಿದ್ದು ದ್ರಾಕ್ಷಿ ಬಳ್ಳಿಗಳಿಗಾಗಿ. ಅದೇ ದ್ರಾವಣವನ್ನು ವರ್ಷಾನುಗಟ್ಟಲೆ ಸಿಂಪಡಿಸಿದ ಪೋರ್ಚುಗಲ್ಲಿನ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿ ರೋಗ ಹುಟ್ಟಿದ್ದನ್ನು ಅಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದರು. ನನ್ನ ತಂದೆ ಅದನ್ನು ಓದಿದವರಲ್ಲ. ಗಿಡಕ್ಕೆ ಹೊಡೆಯುವುದು ಗಿಡಕ್ಕೇ ಹೋಗಬೇಕು, ಮನುಷ್ಯನ ಎದೆಗೆ ಹೋಗಬಾರದು ಎಂಬಷ್ಟು ಅವರಿಗೆ ಗೊತ್ತಿತ್ತು.

ಈ ಹಳೆಯ ಕಥೆ ಈಗೇಕೆ ಎಂದಿರಾ? ಕಳೆದ ಮಳೆಗಾಲದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ.

ಕಟ್ಟಿಕೊಂಡಿದ್ದನ್ನು ಬಿಡಿಸುವುದು ನನಗೆ ಒಂದು ಚಟ. ಸೀಮೆಎಣ್ಣೆಯ ಪಂಪ್ ಸ್ಟೌ ಇದ್ದ ಕಾಲದಲ್ಲಿ ಅಕ್ಕಪಕ್ಕದ ಮನೆಯವರು ಪಿನ್ನು ಹಿಡಿದು ನನ್ನನ್ನೇ ಕರೆಯುತ್ತಿದ್ದರು. ಶಾಲೆಯಲ್ಲಿ ಬ್ಯೂರೆಟ್ಟಿನ ತಿರುಪಿನಿಂದ ಹಿಡಿದು ಅಡುಗೆ ಕೋಣೆಯ ಗ್ಯಾಸ್ ಬರ್ನರಿನವರೆಗೆ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಒಂದು ಶುಕ್ರವಾರ ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ರಯೋಗಾಲಯಕ್ಕೆ ಬಂದು, ಹೆಬ್ಬೆರಳಿನ ಗಾತ್ರದ ಒಂದು ಲೋಹದ ಬಿಡಿಭಾಗವನ್ನು ಮೇಜಿನ ಮೇಲಿಟ್ಟ.

"ಏನೋ ಇದು?"

"ಅಜ್ಜಿಯ ನೆಬ್ಯುಲೈಸರಿನದು ಸರ್. ಕಟ್ಟಿಕೊಂಡಿದೆ. ಆವಿ ಬರ್ತಾ ಇಲ್ಲ."

ಮಳೆಗಾಲದ ಕೊಡಗಿನಲ್ಲಿ ಉಬ್ಬಸದ ಅಜ್ಜಿ ಅಪರೂಪವಲ್ಲ. ನಾನು ಕನ್ನಡಕ ಏರಿಸಿ ಕೆಲಸಕ್ಕೆ ಕೂತೆ. ಬಿಚ್ಚಿದರೆ ಒಳಗೆ ಸಣ್ಣದೊಂದು ತಂತಿಯ ಸುರುಳಿ, ಅದರ ನಡುವೆ ಹತ್ತಿಯ ಬತ್ತಿ. ಸುರುಳಿಯ ತುಂಬ ಕಪ್ಪು ಕಂದು ಬಣ್ಣದ ಅಂಟು, ಬೆಲ್ಲದ ಪಾಕ ಸೀದು ಪಾತ್ರೆಯ ತಳಕ್ಕೆ ಹಿಡಿದ ಹಾಗೆ. ಮಲ್ಟಿಮೀಟರ್ ಇಟ್ಟೆ: 1.2 ಓಮ್. ಸುರುಳಿ ತುಂಡಾಗಿಲ್ಲ, ತೊಂದರೆ ಬರೀ ಕೊಳೆಯದು. ಬಿಸಿನೀರಿನಲ್ಲಿ ನೆನೆಸಿ, ಸ್ಪಿರಿಟ್ಟಿನಲ್ಲಿ ಅಲುಗಿಸಿ, ಮತ್ತೆ ನೀರಿನಲ್ಲಿ ಜಾಲಿಸಿ, ಹಳೆಯ ಬತ್ತಿ ತೆಗೆದು ಹೊಸ ಹತ್ತಿ ಹೊಸೆದು ಇಟ್ಟೆ. "ಪೂರ್ತಿ ಒಣಗಿದ ಮೇಲೇ ಹಾಕು. ಅಜ್ಜಿಯನ್ನು ಕೇಳಿದೆ ಎಂದು ಹೇಳು" ಎಂದು ಬೆನ್ನು ತಟ್ಟಿ ಕಳಿಸಿದೆ. ಕೆಲಸ ಚೆನ್ನಾಗಿ ಬಂದಿತ್ತು. ಅದರ ಫೋಟೋ ಕೂಡ ತೆಗೆದಿಟ್ಟುಕೊಂಡೆ.

ಮರುದಿನ ರಾತ್ರಿ ಮಲಗಿದ್ದಾಗ ಏನೋ ಚುಚ್ಚಿತು. ನೆಬ್ಯುಲೈಸರ್ ಔಷಧಿಯನ್ನು ಕಾಯಿಸುವುದಿಲ್ಲವಲ್ಲ! ಅದರಲ್ಲಿ ಪಂಪಿನ ಗಾಳಿ ಒಂದು ಸಣ್ಣ ತೂತಿನಿಂದ ರಭಸವಾಗಿ ಹೊರಡುತ್ತದೆ. ಆ ರಭಸಕ್ಕೆ ದ್ರವ ಮೇಲೇರಿ, ಒಡೆದು, ಹನಿಯಾಗುತ್ತದೆ. ಆ ಮಂಜು ತಣ್ಣಗಿರುತ್ತದೆ. ಹಾಗಾದರೆ ಸುರುಳಿ ಏಕೆ? ಎದ್ದು ಲೆಕ್ಕ ಹಾಕಿದೆ. ಸಾಮಾನ್ಯ ಲಿಥಿಯಂ ಬ್ಯಾಟರಿ 3.7 ವೋಲ್ಟ್. ಅದನ್ನು 1.2 ಓಮಿಗೆ ಕೊಟ್ಟರೆ ಮೂರು ಆಂಪಿಯರ್ ವಿದ್ಯುತ್ತು, ಸುಮಾರು 11 ವ್ಯಾಟ್ ಶಾಖ, ಅಕ್ಕಿಕಾಳಿನಷ್ಟು ಜಾಗದಲ್ಲಿ. ಇದು ಔಷಧಿ ಕೊಡುವ ಯಂತ್ರವಲ್ಲ, ಪುಟ್ಟದೊಂದು ಒಲೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋಟೋ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿ ನಕ್ಕ: "ಅಪ್ಪಾ, ಇದು ವೇಪ್. ಇ-ಸಿಗರೇಟಿನ ಅಟಮೈಜರ್. ನಿಮಗೆಲ್ಲಿ ಸಿಕ್ಕಿತು?"

ನನಗೆ ನಗು ಬರಲಿಲ್ಲ. ಓಮಿನ ನಿಯಮವನ್ನು ಮೂವತ್ತು ವರ್ಷದಿಂದ ಕಲಿಸುತ್ತಿರುವವನು ನಾನು. ರಿಪೇರಿಯ ಹುರುಪಿನಲ್ಲಿ, ಕಣ್ಣೆದುರಿನ ಸುರುಳಿಯನ್ನು ಏಕೆ ಎಂದು ಕೇಳಲೇ ಇಲ್ಲ. ಕಟ್ಟಿಕೊಂಡು ನಿಂತಿದ್ದ ಕೆಡುಕೊಂದನ್ನು ನಾನೇ ತೊಳೆದು, ಹೊಸ ಬತ್ತಿ ಹಾಕಿ, ಹದಿನಾಲ್ಕು ವರ್ಷದ ಹುಡುಗನ ಕೈಗೆ ಕೊಟ್ಟಿದ್ದೆ.

ಆ ಕಪ್ಪು ಅಂಟು ಏನು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಇ-ಸಿಗರೇಟಿನ ದ್ರವದಲ್ಲಿ ಇರುವುದು ಮುಖ್ಯವಾಗಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಪರಿಮಳ, ಸಿಹಿ ಮತ್ತು ಸಾಮಾನ್ಯವಾಗಿ ನಿಕೋಟಿನ್. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುತ್ತದೆ, ಗ್ಲಿಸರಿನ್ 290ಕ್ಕೆ. ಸಿಹಿ ಮಾತ್ರ ಆವಿಯಾಗದೆ ಸುರುಳಿಯ ಮೇಲೆ ಸೀದು ಕೂರುತ್ತದೆ. ಕೂತಷ್ಟೂ ಬತ್ತಿಗೆ ದ್ರವ ಏರುವುದು ಕಷ್ಟ. ಬತ್ತಿ ಒಣಗಿದರೆ ಶಾಖ ಇನ್ನೂ ಏರಿ ಗ್ಲಿಸರಿನ್ನೇ ಒಡೆಯುತ್ತದೆ, ಹತ್ತಿಯೂ ಸುಡುತ್ತದೆ. ಅಟಮೈಜರ್ ಕಟ್ಟಿಕೊಳ್ಳುವುದೆಂದರೆ ಇಷ್ಟೇ.

ಗ್ಲಿಸರಿನ್ ಒಡೆದರೆ ಹುಟ್ಟುವುದು ಅಕ್ರೋಲೀನ್. ಬಾಣಲೆಯಲ್ಲಿ ಎಣ್ಣೆ ಸೀದಾಗ ಕಣ್ಣು ಮೂಗು ಉರಿಸುವ ಘಾಟು ಇದರದೇ. ನಾವು ಬಿ.ಎಸ್ಸಿ. ಓದುವಾಗ ಗ್ಲಿಸರಿನ್ ಪತ್ತೆ ಹಚ್ಚಲು ಪ್ರಣಾಳದಲ್ಲಿ ಪೊಟ್ಯಾಸಿಯಂ ಬೈಸಲ್ಫೇಟಿನೊಡನೆ ಕಾಯಿಸುತ್ತಿದ್ದೆವು. ಒಂದು ಎಳೆ ಹೊಗೆ ಮೂಗಿಗೆ ತಾಗಿದರೂ ಕಣ್ಣೀರು ಸುರಿಯುತ್ತಿತ್ತು. ಇನ್ನು ಸುರುಳಿಯ ಲೋಹ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಟಲಿಯ ದ್ರವದಲ್ಲಿ ಇದ್ದುದಕ್ಕಿಂತ ಸುರುಳಿಯನ್ನು ಮುಟ್ಟಿ ಬಂದ ಆವಿಯಲ್ಲಿ ಸೀಸ, ನಿಕ್ಕಲ್, ಕ್ರೋಮಿಯಂಗಳು ಬಹಳ ಹೆಚ್ಚಾಗಿ ಕಂಡಿದ್ದವು.

ಭಾನುವಾರ ಬೆಳಿಗ್ಗೆ ಹುಡುಗನ ಮನೆಗೆ ಹೋದೆ. ಮನೆಯವರು ಹೋಂಸ್ಟೇ ನಡೆಸುತ್ತಾರೆ. ವಿಷಯ ಹೇಳುತ್ತಿದ್ದಂತೆ ತಂದೆಯ ಮುಖ ಕಳೆಗುಂದಿತು. ಹುಡುಗನನ್ನು ಕರೆದರು. ಕೋಣೆ ಗುಡಿಸುವಾಗ ಮಂಚದ ಸಂದಿಯಲ್ಲಿ ಸಿಕ್ಕಿದ್ದಂತೆ, ಯಾರೋ ಅತಿಥಿ ಮರೆತುಹೋದದ್ದು.

"ನಾನು ತೊಳೆದುಕೊಟ್ಟ ಮೇಲೆ ಎಳೆದೆಯೇನೋ?" ಎಂದೆ.

"ನಿನ್ನೆ ಸಂಜೆ ಸರ್. ತಲೆ ಸುತ್ತಿತು, ವಾಂತಿ ಆಯ್ತು." ಅವನು ನೆಲ ನೋಡುತ್ತಿದ್ದ. ನಾನೂ ನೋಡಿದೆ.

ತಂದೆ ಸ್ವಲ್ಪ ಹೊತ್ತಿನ ಮೇಲೆ, "ಬೀಡಿ ಸಿಗರೇಟಿನ ಹಾಗೆ ಅಲ್ಲವಂತಲ್ಲ ಸರ್, ಬರೀ ಆವಿ ಅಂತಾರೆ" ಎಂದರು. ಬಹಳ ಪಾಲಕರು ಹೀಗೇ ನಂಬಿದ್ದಾರೆ. ನಾನು ಹೇಳಿದ್ದು ಇಷ್ಟು: ಗ್ಲಿಸರಿನ್ ಕೆಮ್ಮಿನ ಔಷಧಿಯಲ್ಲೂ ಇದೆ, ನಿಜ. ಆದರೆ ಹೊಟ್ಟೆಗೆ ಸಲ್ಲುವುದೆಲ್ಲ ಎದೆಗೆ ಸಲ್ಲುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ಇಂಥ ಆವಿ ಸೇದಿದವರಲ್ಲಿ ಒಂದು ಶ್ವಾಸಕೋಶದ ಕಾಯಿಲೆ ಹಬ್ಬಿತು. 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು, 68 ಮಂದಿ ಸತ್ತಿದ್ದರು. ಮುಖ್ಯ ಕಾರಣವೆಂದು ಕಂಡದ್ದು ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಅದು ಮಾತ್ರೆಯಲ್ಲೂ ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇರುವ ವಸ್ತು!

ಶ್ವಾಸಕೋಶದ ಗಾಳಿಚೀಲಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಹತ್ತಿರಹತ್ತಿರ ಒಂದು ಶಟಲ್ ಬ್ಯಾಡ್ಮಿಂಟನ್ ಅಂಗಳದಷ್ಟು. ಶ್ವಾಸನಾಳದಲ್ಲಿ ಕಸ ಗುಡಿಸುವ ಸಣ್ಣ ರೋಮಗಳಿವೆ. ಆದರೆ ಈ ಆವಿಯ ಹನಿಗಳು ಒಂದು ಮೈಕ್ರಾನಿಗಿಂತಲೂ ಸಣ್ಣವು. ರೋಮಗಳನ್ನು ದಾಟಿ, ಗುಡಿಸುವವರಿಲ್ಲದ ಗಾಳಿಚೀಲದವರೆಗೂ ಹೋಗಬಲ್ಲವು. ಅಟಮೈಜರನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ಅಲುಗಿಸಬಹುದು. ಎದೆಯನ್ನು ಯಾವ ಮೇಷ್ಟ್ರ ಮೇಜಿನ ಮೇಲಿಟ್ಟು ಬಿಚ್ಚುವುದು?

ಸಿಗರೇಟು ಬಿಡಲಾಗದ ಹಿರಿಯರಿಗೆ ಇದು ಕಡಿಮೆ ಕೆಡುಕು ಎಂಬ ವಾದ ಬ್ರಿಟನ್ನಿನಂಥ ದೇಶಗಳಲ್ಲಿ ಇದೆ. ಬೀಡಿಯನ್ನೇ ಮುಟ್ಟದ ಹುಡುಗನಿಗೆ ಬಿಡಲು ಏನಿದೆ? ಅವನಿಗೆ ಇದು ಹಿಡಿಯುವ ದಾರಿಯೇ ಹೊರತು ಬಿಡುವ ದಾರಿಯಲ್ಲ. ಮೆದುಳು ಬೆಳೆಯುತ್ತಿರುವ ವಯಸ್ಸಿನಲ್ಲಿ ನಿಕೋಟಿನ್ ಬೇಗ ಬೇರೂರುತ್ತದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು: ತಯಾರಿಸಿದರೆ, ಮಾರಿದರೆ, ಜಾಹೀರಾತು ಕೊಟ್ಟರೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಂದೆ ಆ ಸಾಧನವನ್ನು ಒಂದು ಕವರಿನಲ್ಲಿ ಹಾಕಿ, ತಾವೇ ಪೊಲೀಸ್ ಠಾಣೆಗೆ ಕೊಟ್ಟುಬರುವುದಾಗಿ ಹೇಳಿದರು. ಒಲೆಗೆ ಎಸೆಯಬೇಡಿ, ಬ್ಯಾಟರಿ ಸಿಡಿಯುತ್ತದೆ ಎಂದು ನಾನು ಎಚ್ಚರಿಸಿದೆ.

ಕಾಫಿ ಕುಡಿದು ಏಳುವಾಗ ಒಳಕೋಣೆಯಿಂದ ಕೆಮ್ಮು ಕೇಳಿಸಿತು. ಇಣುಕಿದೆ. ಅಜ್ಜಿ! ಪಕ್ಕದ ಗೂಡಿನಲ್ಲಿ ನಿಜವಾಗಿಯೂ ಒಂದು ನೆಬ್ಯುಲೈಸರ್. ಹುಡುಗ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಔಷಧಿ ಹಾಕುವ ಬಟ್ಟಲನ್ನು ಬಿಚ್ಚಿದರೆ ತೂತಿನ ಸುತ್ತ ಬಿಳಿ ಉಪ್ಪಿನ ಪದರ, ಅಂಚಿನಲ್ಲಿ ಬೂಸ್ಟು. "ಎಷ್ಟು ಹೊತ್ತು ಹಿಡಿದರೂ ಮುಗಿಯೋದೇ ಇಲ್ಲ ಮಗಾ, ಉಬ್ಬಸ ಇಳಿಯೋದೂ ಇಲ್ಲ" ಎಂದರು ಅಜ್ಜಿ. ಒಂದೇ ಮನೆಯಲ್ಲಿ ಎರಡು ಯಂತ್ರಗಳು ಕಟ್ಟಿಕೊಂಡಿದ್ದವು. ನಾನು ತೊಳೆದದ್ದು ತೊಳೆಯಬಾರದ್ದನ್ನು.

"ಬಾರೋ ಇಲ್ಲಿ" ಎಂದು ಹುಡುಗನನ್ನು ಕರೆದೆ. ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತೆವು. ನೆಬ್ಯುಲೈಸರ್ ಇರುವ ಮನೆಯವರೆಲ್ಲ ಇದನ್ನು ಗಮನಿಸಿ. ಪ್ರತಿ ಸಲ ಬಳಸಿದ ಮೇಲೆ ಬಟ್ಟಲು ಮತ್ತು ಬಾಯಿಗಿಡುವ ಭಾಗವನ್ನು ಬಿಚ್ಚಿ ಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ದಿನಕ್ಕೊಮ್ಮೆ ಪಾತ್ರೆಯ ಸೋಪು ಹಾಕಬೇಕು. ಉಪ್ಪು ಕಟ್ಟಿದ್ದರೆ ಒಂದು ಪಾಲು ಬಿಳಿ ವಿನೆಗರಿಗೆ ಮೂರು ಪಾಲು ನೀರು ಸೇರಿಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಬೇಕು. ಸೂಜಿ ಚುಚ್ಚಬಾರದು, ತೂತು ಅಗಲವಾದರೆ ಹನಿ ದಪ್ಪವಾಗಿ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಆಳಕ್ಕೆ ಇಳಿಯಲು ಹನಿ ಒಂದರಿಂದ ಐದು ಮೈಕ್ರಾನ್ ಇರಬೇಕು. ಔಷಧಿಗೆ ನಲ್ಲಿಯ ನೀರು ಬೆರೆಸಬಾರದು, ವೈದ್ಯರು ಹೇಳಿದ ಸಲೈನ್ ಮಾತ್ರ. ಗಾಳಿಯ ನಳಿಗೆಯನ್ನು ನೀರಿಗೆ ಹಾಕಬಾರದು. ಪಂಪಿನ ಫಿಲ್ಟರ್ ಕಂದಿದರೆ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಶುದ್ಧ ಬಟ್ಟೆಯ ಮೇಲೆ ಪೂರ್ತಿ ಒಣಗಬೇಕು. ಹಾಸಿದ ಬಟ್ಟೆ ವಾರವಾದರೂ ಒಣಗದ ನಮ್ಮ ಆಷಾಢದಲ್ಲಿ ಇದೇ ಕಷ್ಟ. ಎರಡು ಜೊತೆ ಬಟ್ಟಲು ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಒದಗುತ್ತದೆ.

ತೂತಿನಲ್ಲಿ ಉಪ್ಪಿನ ಚೂರೊಂದು ಉಳಿದಿತ್ತು. ಹುಡುಗ ಬಟ್ಟಲನ್ನೆತ್ತಿ ಊದಲು ಬಾಯಿಗೆ ಒಯ್ದ.

"ನಾಜಲಿಗೆ ಬಾಯಿ ಇಡಬೇಡ!"

ನನ್ನ ದನಿ ನನಗೇ ತಂದೆಯ ದನಿಯಂತೆ ಕೇಳಿಸಿತು. ಹುಡುಗ ಬೆಚ್ಚಿ ಬಟ್ಟಲು ಕೆಳಗಿಟ್ಟ. ಗದರಿದ್ದು ಏಕೆಂದು ಆಮೇಲೆ ವಿವರಿಸಿದೆ, ಬಾಯಿಯ ಕ್ರಿಮಿ ಅಜ್ಜಿಯ ಎದೆಗೆ ಹೋಗುತ್ತದೆಂದು. ಇನ್ನೊಮ್ಮೆ ನೆನೆಸಿದೆವು; ಚೂರು ಕರಗಿತು.

ಪಾಲಕರೇ, ಹುಡುಗ ಸುಳ್ಳು ಹೇಳಿದ್ದು ನಿಜ. ಆದರೆ ನಿಜ ಹೇಳಿ ಕೇಳಿದ್ದರೆ ನಾವು ಉತ್ತರ ಕೊಡುತ್ತಿದ್ದೆವೋ, ಬೆತ್ತ ಹುಡುಕುತ್ತಿದ್ದೆವೋ? ಮಕ್ಕಳು ಏನನ್ನಾದರೂ ತಂದು ತೋರಿಸಿದರೆ ಮೊದಲು ಅದೇನೆಂದು ಕೂತು ನೋಡಿ. ನನ್ನ ಹಾಗೆ ರಿಪೇರಿಯ ಅವಸರವೂ ಬೇಡ, ಏಟಿನ ಅವಸರವೂ ಬೇಡ.

ಆ ಹುಡುಗ ಈಗ ಹತ್ತನೇ ತರಗತಿ. ಅಜ್ಜಿಯ ಬಟ್ಟಲು ತೊಳೆಯುವುದು ಅವನ ಪಾಲಿನ ಕೆಲಸ. ಮೊನ್ನೆ ಸಿಕ್ಕಾಗ, "ಈಗ ಹತ್ತು ನಿಮಿಷದಲ್ಲಿ ಔಷಧಿ ಮುಗಿಯುತ್ತೆ ಸರ್" ಎಂದ.