ಸವಣೂರು ಪೇಟೆಯ ಎಣಿಕೆ

ನಮ್ಮಣ್ಣನ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ. ಹಳೇ ಊರುಗಳ ಜೀರ್ಣೋದ್ಧಾರದ ಮೇಲೆ ಬರೆಯುವುದಿದೆಯೆಂದು ಹಾನಗಲ್ಲಿನ ತಾರಕೇಶ್ವರ ಗುಡಿ, ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಕನಕದಾಸರ ನೆನಪಿಗೆ ಕಟ್ಟಿದ ಅರಮನೆ, ಹಿರೇಕೆರೂರು ಸೀಮೆಯ ಅಬಲೂರು ಎಲ್ಲ ಸುತ್ತಿ ಕಡೆಗೆ ನಮ್ಮ ಸವಣೂರಿಗೆ ಬಂದಳು. ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದು ಕೇಳಿದಳು: "ಅಜ್ಜಾ, ಆ ಊರಾಗೆಲ್ಲಾ ಇದನ್ನ ಉಳಿಸಬೇಕು ಅಂತ ಬಟ್ಟು ಮಾಡಿ ತೋರಿಸಿದ್ರು. ಇಲ್ಲಿ ಉಳಿಸೋದಂದ್ರ ಯಾವುದನ್ನ ಉಳಿಸಬೇಕು?"

ಅವಳಿಗೆ ಬಾಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನದು ಹೇಳುವುದು ಉಳಿದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸವಣೂರು ನವಾಬರ ಊರು. ಎಪ್ಪತ್ತು ಚದರ ಮೈಲಿಯ ಪುಟ್ಟ ಸಂಸ್ಥಾನ. 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಊರ ಸುತ್ತ ಕಂದಕ, ಎಂಟು ಅಗಸಿ ಇದ್ದವು. ಅವುಗಳಲ್ಲಿ ಮೂರು ಬ್ರಿಟಿಷರ ಕಾಲಕ್ಕೇ ಬಿದ್ದಿದ್ದವು ಎಂದು ಗ್ಯಾಜೆಟಿಯರು ಬರೆಯುತ್ತದೆ. ನಮ್ಮವ್ವ ಮಾತ್ರ ಅಗಸಿಗಳನ್ನು ಲೆಕ್ಕದಿಂದ ಹೇಳುತ್ತಿರಲಿಲ್ಲ, ಯಾವ ಅಗಸಿಯಿಂದ ಯಾರು ಬರುತ್ತಾರೆ ಎಂಬುದರಿಂದ ಹೇಳುತ್ತಿದ್ದಳು: ಇದು ತೋಟದವರದು, ಇದು ಸತ್ಯಬೋಧರ ಮಠಕ್ಕೆ ಹೋಗುವವರದು, ಇದು ಸಂತೆಯವರದು. ನನಗೆ ಗ್ಯಾಜೆಟಿಯರಿಗಿಂತ ಅವಳ ಲೆಕ್ಕವೇ ಖರೆ ಅನ್ನಿಸುತ್ತದೆ.

ಆದರೂ ಅದೇ ಗ್ಯಾಜೆಟಿಯರಿನ ಒಂದು ಸಾಲನ್ನು ನಮ್ಮ ಮುಖಂಡರೆಲ್ಲ ಓದಬೇಕು. 1868ರಿಂದ 1876ರವರೆಗೆ ಈ ಊರನ್ನು ಬಹಳಷ್ಟು ಸುಧಾರಿಸಲಾಯಿತು. ರಸ್ತೆ ಅಗಲ ಮಾಡಿ ಖಡಿ ಹಾಕಿದರು, ಹಳೇ ಬಾವಿ, ಹೊಂಡಗಳನ್ನು ದುರಸ್ತಿ ಮಾಡಿದರು, ಅವುಗಳಲ್ಲಿ ದೊಡ್ಡದು ಮೋತಿ ತಲಾಬ್. ನೂರೈವತ್ತು ವರ್ಷದ ಹಿಂದೆ ಊರಿನ ಜೀರ್ಣೋದ್ಧಾರವೆಂದರೆ ದಾರಿ ಮತ್ತು ನೀರು. ಕಮಾನಿಗೆ ಬಣ್ಣ ಹಚ್ಚುವುದು ಆಮೇಲಿನ ಮಾತು. ನೀರಿದ್ದದ್ದಕ್ಕೇ ವೀಳ್ಯದ ಎಲೆಬಳ್ಳಿ ಇತ್ತು, ಎಲೆಬಳ್ಳಿ ಇದ್ದದ್ದಕ್ಕೇ ಪೇಟೆ.

ಪೇಟೆಯೆಂದರೆ ನನ್ನ ಪಾಲಿಗೆ ಎಲೆಯ ವ್ಯಾಪಾರ. ನಸುಕಿನಲ್ಲಿ ತೋಟದ ಬುಟ್ಟಿಗಳು ಬಂದಿಳಿಯುತ್ತಿದ್ದವು. ನೀರು ಚಿಮುಕಿಸಿದ ಗೋಣಿತಟ್ಟು ಬಿಚ್ಚಿದೊಡನೆ ಏಳುತ್ತಿದ್ದ ಆ ವಾಸನೆ! ಹಸಿರಿನ ಘಾಟು, ನೆನೆದ ಸೆಣಬು, ಬಾಳೆಪಟ್ಟೆಯ ಒಗರು ಒಂದಾಗಿ ಮೂಗಿಗೆ ಬಡಿಯುತ್ತಿತ್ತು. ಬಿಸಿಲು ಏರಿದ ಮೇಲೆ ಆಚೆ ಅಂಗಡಿಯಲ್ಲಿ ಸವಣೂರು ಖಾರದ ಕಡಾಯಿ ಏರುತ್ತಿತ್ತು. ಕಾದ ಎಣ್ಣೆಗೆ ಕಡ್ಲಿಹಿಟ್ಟು ಬಿದ್ದ ವಾಸನೆ ಎಲೆಯ ವಾಸನೆಯನ್ನು ಮೆಟ್ಟಿ ನಿಲ್ಲುತ್ತಿತ್ತು. ಆ ಹೊತ್ತಿಗೆ ಎಲೆಯವರ ವ್ಯಾಪಾರ ಮುಗಿದಿರಬೇಕು. ಗಡಿಯಾರ ಯಾರ ಹತ್ತಿರವೂ ಇರಲಿಲ್ಲ, ಮೂಗೇ ಹೊತ್ತು ಹೇಳುತ್ತಿತ್ತು.

ಅಲ್ಲಿ ಒಬ್ಬ ಚಾಚಾ ಇದ್ದರು. ದಲಾಲಿ ಅಂಗಡಿ ಅವರದೇ. ಆದರೂ ಗಾದಿಯ ಮೇಲೆ ಕೂತದ್ದನ್ನು ನಾ ಕಂಡಿಲ್ಲ, ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲೇ ಇರುತ್ತಿದ್ದರು. ಎಲೆಗಳನ್ನು ಐದೈದಾಗಿ ತೆಗೆದು ತೊಟ್ಟು ಒಂದೇ ಕಡೆ ಬರುವಂತೆ ಹಾಕುವರು. ಇಪ್ಪತ್ತು ಸಲ ಕೈ ಆಡಿದರೆ ನೂರೆಲೆಯ ಕವಳಿ. ಹುಳ ಮುಟ್ಟಿದ್ದು, ಅಂಚು ಹರಿದದ್ದು ಬಂದರೆ ಕಣ್ಣು ನೋಡುವ ಮೊದಲೇ ಬೆರಳು ಹಿಡಿಯುತ್ತಿತ್ತು. ಬಾಯಲ್ಲಿ ಮಾತು ನಡೆದೇ ಇರುತ್ತಿತ್ತು, ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ.

ಒಂದು ವ್ಯಾಪಾರ ಈಗಲೂ ಕಿವಿಯಲ್ಲಿದೆ. ಬಂಕಾಪುರದ ಕಡೆಯ ಒಬ್ಬ ರೈತ ಮಗಳ ನಿಶ್ಚಯಕ್ಕೆ ಎಲೆ ಒಯ್ಯಲು ಬಂದಿದ್ದ. ಶಿರಸಿ ಅಡಿಕೆ ಹಾನಗಲ್ಲಿನಲ್ಲಿ ಕೊಂಡಾಗಿದೆ, ಕೈಯಲ್ಲಿ ರೊಕ್ಕ ಕಡಿಮೆ ಉಳಿದಿದೆ, ದರ ಸ್ವಲ್ಪ ಇಳಿಸಿರಿ ಎಂದು ಕೇಳಿಕೊಂಡ. ಚಾಚಾ ಎಲೆಯಿಂದ ಕೈ ತೆಗೆಯದೆ ಹೇಳಿದರು: "ದರಾ ಇಳಿಸಾಕ ಬರಂಗಿಲ್ಲ ಯಜಮಾನ್ರ. ತ್ವಾಟದಾಂವ ಇಲ್ಲಿಲ್ಲ, ಅವಂದು ಅಂವಗ ಮುಟ್ಟಬೇಕು. ನನ್ನ ದಲಾಲಿ ಬಿಡ್ತೀನಿ, ಅದು ನಂದು." ರೈತ ಒಪ್ಪಿದ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಬೇಟಾ, ಎದುರಿಗೆ ಕುಂತಾಂವನ ಲೆಕ್ಕಾ ಎಲ್ಲಾರೂ ಇಡ್ತಾರ. ಇಲ್ಲಿಲ್ಲದಾಂವನ ಲೆಕ್ಕಾ ಇಡಬೇಕು" ಎಂದರು. ನನಗೆ ವ್ಯಾಪಾರ ಬರಲಿಲ್ಲ; ಈ ಮಾತು ಮಾತ್ರ ಉಳಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಅದು ಸುಳ್ಳು ಹೇಳಿದಂತೆ. ಆ ವಾಸನೆಯ ಹಿಂದೆ ದುಡಿತವಿತ್ತು. ಹೆಬ್ಬೆರಳ ಉಗುರಿನಿಂದ ತೊಟ್ಟು ಚಿವುಟಿ ಚಿವುಟಿ ಕೊಯ್ಲಿನವರ ಬೆರಳು ಕಪ್ಪಗಾಗಿ ಸೀಳುತ್ತಿದ್ದವು. ಚಾಚಾರ ಮೊಣಕಾಲು ಕಡೆಕಡೆಗೆ ಮಡಚಲೇ ಇಲ್ಲ. ತೋಟದವರ ಮಕ್ಕಳು ಬೇರೆ ಕೆಲಸ ಹಿಡಿದರೆ ಅವರನ್ನು ದೂರುವ ಹಕ್ಕು ನಮಗಿಲ್ಲ. ನೀರು ಆಳಕ್ಕಿಳಿಯಿತು, ಬಳ್ಳಿಗೆ ರೋಗ ಬಿತ್ತು, ಎಷ್ಟೋ ತೋಟ ಗೋವಿನಜೋಳದ ಹೊಲವಾಯಿತು. ಊರಿನ ಬಾಯಿಯೂ ಬದಲಾಯಿತು. ಗುಟ್ಕಾಕ್ಕೆ ರಾಜ್ಯದಲ್ಲಿ 2013ರಲ್ಲಿ ನಿಷೇಧ ಬಂತು. ಅಷ್ಟರೊಳಗೆ ಹುಡುಗರಿಗೆ ಪೊಟ್ಟಣದ ರೂಢಿಯಾಗಿತ್ತು. ಎಲೆಗೆ ಹೆಸರಾದ ಊರಿನಲ್ಲೇ ಹರೆಯದವರು ಎಲೆ ಹಾಕಿಕೊಳ್ಳಲು ನಾಚುತ್ತಾರೆ, ಪೊಟ್ಟಣ ಹರಿದು ಬಾಯಿಗೆ ಸುರಿಯಲು ನಾಚುವುದಿಲ್ಲ.

ಇನ್ನೂ ಕಹಿಯಾದದ್ದೊಂದಿದೆ. ಪೇಟೆಯ ನೆನಪು ತೆಗೆದವರೆಲ್ಲ ಕವಿ ವಿ. ಕೃ. ಗೋಕಾಕರು ಹುಟ್ಟಿದ ಊರು, ಅವರು ಕಲಿತ ಮಜೀದ್ ಹೈಸ್ಕೂಲು, ನವಾಬರ ಅರಮನೆ ಎನ್ನುತ್ತೇವೆ. ನಸುಕಿಗಿಂತ ಮೊದಲೇ ಎದ್ದು ಮನೆಮನೆಯ ಹಿತ್ತಿಲ ಬಾಗಿಲಿಂದ ಮಲ ಹೊತ್ತು ಹೋಗುತ್ತಿದ್ದವರ ಹೆಸರು ಯಾರ ನೆನಪಿನಲ್ಲೂ ಬರುವುದಿಲ್ಲ. ನಾವು ಮೂಗರಳಿಸಿ ಎಲೆಯ ವಾಸನೆ ಕುಡಿಯುತ್ತಿದ್ದ ಪೇಟೆ ಸ್ವಚ್ಛವಾಗಿ ಇದ್ದದ್ದು ಅವರ ತಲೆಯ ಮೇಲಿನ ಬುಟ್ಟಿಯಿಂದ. 2010ರ ಜುಲೈ 20ರಂದು ಆ ಭಂಗಿ ಸಮುದಾಯದವರು ಪುರಸಭೆಯ ಎದುರು ನಿಂತು ಮೈಮೇಲೆ ಮಲ ಸುರಿದುಕೊಂಡರು. ದಶಕಗಳಿಂದ ಬಾಳಿದ ಜಾಗದಿಂದ ಅವರನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವ ಯೋಜನೆ ಇತ್ತು. ಇಡೀ ನಾಡು ಬೆಚ್ಚಿತು; ಸವಣೂರಿನ ಹೆಸರು ಎಲೆಯ ಸಲುವಾಗಿ ಹೋಗದ ಊರುಗಳಿಗೂ ಅಂದು ಹೋಯಿತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲೇ ಕಾಯ್ದೆ ಬಂದಿತ್ತು; 2013ರಲ್ಲಿ ಇನ್ನೊಂದು ಬರಬೇಕಾಯಿತು.

ಆ ಸಂಕೀರ್ಣದ ಯೋಜನೆಯೂ ಊರಿನ ಅಭಿವೃದ್ಧಿಯ ಹೆಸರಿನಲ್ಲೇ ಇತ್ತೆಂಬುದನ್ನು ಮರೆಯಬಾರದು. ನಕಾಶೆ ಹಾಸುವ ಮೇಜಿನ ಸುತ್ತ ಅಂಗಡಿ ಬೇಕಾದವರು ಇರುತ್ತಾರೆ, ಬಾಡಿಗೆಯ ಲೆಕ್ಕ ಹಾಕುವವರು ಇರುತ್ತಾರೆ. ಆ ನೆಲದ ಮೇಲೆ ಒಲೆ ಹೂಡಿದವರು ಇರುವುದಿಲ್ಲ. ಚಾಚಾ ಹೇಳಿದ 'ಇಲ್ಲಿಲ್ಲದಾಂವ' ಇವರೇ.

ಹಾಗೆಂದು ನಮ್ಮ ಊರಿಗೆ ಒಟ್ಟಾಗಿ ಎತ್ತುವ ಶಕ್ತಿ ಇಲ್ಲವೆಂದೇನಲ್ಲ. ದೊಡ್ಡಹುಣಸೆಯ ಕಲ್ಮಠದ ಅಂಗಳದಲ್ಲಿ ಮೂರು ದೊಡ್ಡಹುಣಸೆ ಮರಗಳಿವೆ. ಆಫ್ರಿಕಾ ಮೂಲದ ಮರ, ಸುತ್ತಳತೆ ನೋಡಿದರೆ ಮರವೋ ಮನೆಯೋ ಅನ್ನಿಸಬೇಕು. 2023ರ ಜುಲೈ ಮಳೆಗೆ ಅವುಗಳಲ್ಲೊಂದು ಬುಡಮೇಲಾಯಿತು. ಕಡಿದು ಕಟ್ಟಿಗೆ ಮಾಡೋಣ ಎನ್ನಲಿಲ್ಲ ಯಾರೂ. ಮಠದವರು, ಅರಣ್ಯ ಇಲಾಖೆಯವರು, ಊರವರು ಕೂಡಿ ಕ್ರೇನು, ಜೆಸಿಬಿ ತರಿಸಿ ಅಂಥ ದೈತ್ಯ ಮರವನ್ನು ಎತ್ತಿ ಮತ್ತೆ ನೆಟ್ಟರು. ಮುಂದಾಳು ಎಂದರೆ ಹೀಗಿರಬೇಕು ಎಂದು ಅಂದು ಎದೆ ತುಂಬಿ ಬಂದಿತ್ತು. ಜೊತೆಗೇ ಒಂದು ಪ್ರಶ್ನೆಯೂ ಎದ್ದಿತು: ಬಿದ್ದ ಮರಕ್ಕೆ ಬಂದ ಅವಸರ ಮನುಷ್ಯರ ಮನೆಗೆ ಏಕೆ ಬರಲಿಲ್ಲ? ಮರವನ್ನು ನಮ್ಮದೆಂದು ಎಣಿಸಿದೆವು. ಹಿತ್ತಿಲ ಬಾಗಿಲಲ್ಲಿ ಬಂದುಹೋಗುವವರನ್ನು ಎಣಿಸಿರಲಿಲ್ಲ.

ಮೊಮ್ಮಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಅವ್ವಾ, ನಿನ್ನ ನಕಾಶೆಯಲ್ಲಿ ಅರಮನೆಯ ಕಮಾನು, ಅಗಸಿಯ ಕಲ್ಲು ಖಂಡಿತ ಇರಲಿ, ಅವುಗಳ ಮೇಲೆ ನನಗೂ ಜೀವ ಇದೆ. ಆದರೆ ಕೆರೆ, ಬಾವಿಯಿಂದ ಶುರು ಮಾಡು. 1868ರವರಿಗೆ ತಿಳಿದದ್ದು ನಮಗೆ ತಿಳಿಯದೆ ಹೋಗಬಾರದು. ಉಳಿದಿರುವ ತೋಟದವರ ಎಲೆಗೆ ಪೇಟೆಯೊಳಗೇ ನೆರಳಿನ ಕಟ್ಟೆ ಬೇಕು, ನೀರಿನ ನಲ್ಲಿ ಬೇಕು. ಬಾಡಿಗೆಯ ಸಣ್ಣ ಅಂಗಡಿಯವನು, ಕೈಗಾಡಿಯವನು, ಪೌರಕಾರ್ಮಿಕರ ಕುಟುಂಬ ಇವರೆಲ್ಲ ಇಂದು ಎಲ್ಲಿದ್ದಾರೆ ಎಂದು ಬರೆದುಕೊ, ನಿನ್ನ ಯೋಜನೆ ಮುಗಿದ ಮೇಲೆ ಎಲ್ಲಿರುತ್ತಾರೆ ಎಂದೂ ಬರೆ. ಎರಡನೆಯದನ್ನು ಬರೆಯಲು ಆಗದಿದ್ದರೆ ಆ ಯೋಜನೆಯನ್ನು ಹರಿದು ಹಾಕು.

ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನ ಹಿರಿಯರಿಗೂ, ನಮ್ಮೂರಿನ ಸದಸ್ಯರಿಗೂ, ಮಠ ಮಸೀದಿಗಳ ಪ್ರಮುಖರಿಗೂ ಇದನ್ನೇ ಕೇಳಿಕೊಳ್ಳುತ್ತೇನೆ. ಹಳೇ ಪೇಟೆಯ ಸಭೆ ಕರೆದಾಗ ಮೊದಲ ಸಾಲಿನ ಕುರ್ಚಿಗಳನ್ನು ಆ ಪೇಟೆಯಿಂದ ಎದ್ದು ಹೋಗಬೇಕಾದೀತೆಂದು ಹೆದರಿದವರಿಗೆ ಕೊಡಿರಿ, ಅವರ ಮಾತು ಮುಗಿದ ಮೇಲೆ ನಕಾಶೆ ಬಿಚ್ಚಿರಿ.