ಬೆಂಕಿ ಹುಟ್ಟಿಸಿದ ದ್ವೀಪಗಳಲ್ಲಿ ಒಂಬತ್ತು ದಿನ

ಕೊಲ್ಲಿಯಲ್ಲಿ ದುಡಿಯುವವರ ರಜೆಗೆ ಒಂದೇ ದಾರಿ. ವಿಮಾನ ಮಂಗಳೂರಿಗೋ ಬೆಂಗಳೂರಿಗೋ ಇಳಿಯುತ್ತದೆ. ಆಮೇಲೆ ಮದುವೆ, ಗೃಹಪ್ರವೇಶ, ಬ್ಯಾಂಕು, ಹಲ್ಲಿನ ಡಾಕ್ಟರು ಎನ್ನುವುದರಲ್ಲಿ ಮೂವತ್ತು ದಿನ ಕರಗಿ ಹೋಗುತ್ತವೆ. ನಾವಿಬ್ಬರೂ ಇಪ್ಪತ್ತೆರಡು ವರ್ಷ ಹೀಗೇ ರಜೆ ಕಳೆದವರು. ಕಳೆದ ವರ್ಷ ಮಾತ್ರ ಮಗಳ ಮನೆಗೆ ಅಮೆರಿಕಕ್ಕೆ ಹೋದೆವು. ಹಿಂತಿರುಗುವಾಗ ಅಟ್ಲಾಂಟಿಕ್ ಸಾಗರದ ನಡುವಿನ ಅಜೋರ್ಸ್ ದ್ವೀಪಗಳಲ್ಲಿ ಒಂಬತ್ತು ದಿನ ಇದ್ದು ಬಂದೆವು. “ಅದೆಲ್ಲಿದೆ ಮಾರಾಯ್ರೆ?” ಎಂದು ಸಂಘದ ಗೆಳೆಯರು ಕೇಳುತ್ತಲೇ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮಗಳು ಇರುವುದು ಸ್ಯಾನ್ ಡಿಯೆಗೊ ನಗರದ ಉತ್ತರ ಭಾಗದ ರಾಂಚೊ ಬರ್ನಾರ್ಡೊದಲ್ಲಿ. ಒಂದು ಕಾಲಕ್ಕೆ ದನಕರು ಮೇಯುತ್ತಿದ್ದ ಗುಡ್ಡಗಳು. 1960ರ ದಶಕದಲ್ಲಿ ಬಡಾವಣೆಯಾದವು. ಕೆಂಪು ಹಂಚಿನ ಮನೆಗಳು, ಅಲ್ಲಲ್ಲಿ ಕಂಪ್ಯೂಟರ್ ಕಂಪನಿಗಳು, ನಿವೃತ್ತರಿಗೆಂದೇ ಮಾಡಿದ ಕೇರಿಗಳು. 2007ರ ಅಕ್ಟೋಬರಿನ ಕಾಳ್ಗಿಚ್ಚಿನಲ್ಲಿ ಇಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳು ಸುಟ್ಟಿದ್ದವು. ಈಗ ನೋಡಿದರೆ ಅದರ ಗುರುತೇ ಸಿಗುವುದಿಲ್ಲ.

ಮಗಳ ಪರಿಚಯದ ಒಬ್ಬ ಟ್ರಾವೆಲ್ ಅಡ್ವೈಸರ್ ಅಲ್ಲಿದ್ದಾರೆ. ಟ್ರಾವೆಲ್ ಏಜೆಂಟ್ ಎಂದರೆ ಟಿಕೆಟ್ ಮಾಡಿ ಕೊಡುವವನು ಎಂದು ನಮಗೆ ಗೊತ್ತು. ಈಕೆಯ ಕೆಲಸ ಬೇರೆ. ವರ್ಷಕ್ಕೆ ಒಂದೆರಡು ಜಾಗ ಆರಿಸಿ, ಮೊದಲು ತಾವೇ ಹೋಗಿ ನೋಡಿ, ಹತ್ತು ಹದಿನೈದು ಜನರ ಗುಂಪು ಕಟ್ಟುತ್ತಾರೆ. ಹೋಟೆಲು, ದ್ವೀಪದಿಂದ ದ್ವೀಪಕ್ಕೆ ವಿಮಾನ, ಸ್ಥಳೀಯ ಮಾರ್ಗದರ್ಶಿ, ಯಾರಿಗೆ ಮಂಡಿನೋವು, ಯಾರು ಮಾಂಸ ತಿನ್ನುವುದಿಲ್ಲ ಎಲ್ಲವೂ ಅವರ ಪಟ್ಟಿಯಲ್ಲಿರುತ್ತದೆ. ಮಂಜು ಕವಿದು ವಿಮಾನ ಹಾರದಿದ್ದರೆ ಏನು ಮಾಡುವುದು ಎನ್ನುವುದಕ್ಕೂ ಎರಡನೇ ಯೋಜನೆ ಸಿದ್ಧ. ಈ ಸಲದ ಗುಂಪಿನಲ್ಲಿ ಹದಿನಾಲ್ಕು ಜನ, ಹೆಚ್ಚಿನವರು ನಿವೃತ್ತರು. ಭಾರತದವರು ನಾವಿಬ್ಬರೇ.

ಹೋಗಬಯಸುವವರಿಗೆ ಒಂದು ಮಾತು. ಅಜೋರ್ಸ್ ಪೋರ್ಚುಗಲ್‌ಗೆ ಸೇರಿದ್ದು. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು, ಅಮೆರಿಕದ ವೀಸಾ ಇದ್ದರೆ ಸಾಲದು. ನಾವು ಕೊಲ್ಲಿಯಿಂದ ಹೊರಡುವ ಮೊದಲೇ ಅರ್ಜಿ ಹಾಕಿ ಪಡೆದುಕೊಂಡೆವು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯನ್ನೂ ತೋರಿಸಬೇಕು.

ಗುಂಪಿನಲ್ಲಿ ಪಾಯಿಂಟ್ ಲೋಮಾದ ಅಕ್ಕತಂಗಿಯರಿಬ್ಬರಿದ್ದರು. ಅದು ಸ್ಯಾನ್ ಡಿಯೆಗೊ ಬಂದರಿನ ಪಕ್ಕದ ಕೇರಿ. ಅವರ ಅಪ್ಪ ಅಜೋರ್ಸ್‌ನ ಫಾಯಾಲ್ ದ್ವೀಪದಲ್ಲಿ ಹುಟ್ಟಿದವರು. ಹೊರಡುವ ಮೊದಲ ಭಾನುವಾರ ಅವರೇ ನಮ್ಮನ್ನು ತಮ್ಮ ಕೇರಿಗೆ ಕರೆದುಕೊಂಡು ಹೋದರು. ಅಜೋರ್ಸ್ ಮತ್ತು ಮದೀರಾ ದ್ವೀಪಗಳಿಂದ ಬಂದ ಬೆಸ್ತರು ಇಲ್ಲಿ ನೆಲೆಸಿ, ಉದ್ದನೆಯ ಬಿದಿರಿನ ಗಾಳದಿಂದ ಟ್ಯೂನಾ ಮೀನು ಹಿಡಿದು ಹಡಗಿನ ಅಟ್ಟಕ್ಕೆ ಎಸೆಯುತ್ತಿದ್ದರಂತೆ. ಸ್ಯಾನ್ ಡಿಯೆಗೊಗೆ ಟ್ಯೂನಾದ ರಾಜಧಾನಿ ಎನ್ನುವ ಹೆಸರು ಬಂದದ್ದರಲ್ಲಿ ಇವರ ಪಾಲು ದೊಡ್ಡದು. 1980ರ ದಶಕದಲ್ಲಿ ಮೀನು ಡಬ್ಬಿ ತುಂಬುವ ಕಾರ್ಖಾನೆಗಳು ಮುಚ್ಚಿದವು. ಆದರೆ 1922ರಲ್ಲಿ ಅವರು ಕಟ್ಟಿಕೊಂಡ ಸಭಾಭವನ, ಅದರ ಪಕ್ಕದ ಪುಟ್ಟ ಪ್ರಾರ್ಥನಾ ಮಂದಿರ ಇವತ್ತಿಗೂ ಇವೆ. ಈಸ್ಟರ್ ಆಗಿ ಏಳು ವಾರಕ್ಕೆ ಪವಿತ್ರಾತ್ಮನ ಹಬ್ಬ. ಮೆರವಣಿಗೆ ಮುಗಿದ ಮೇಲೆ ಬಂದವರಿಗೆಲ್ಲ ಮಾಂಸದ ಸಾರು, ರೊಟ್ಟಿ ಉಚಿತ. ನಮ್ಮ ಕಡೆಯ ಸಂತರ್ಪಣೆಯೇ! ಬಾಡಿಗೆ ಹಾಲಿನಲ್ಲಿ ರಾಜ್ಯೋತ್ಸವ ಮಾಡಿ, ರಾತ್ರಿ ಹನ್ನೊಂದಕ್ಕೆ ಕುರ್ಚಿ ಮಡಚಿಟ್ಟು ಬರುವ ನಮಗೆ ಆ ಕಟ್ಟಡ ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಜುಲೈ ಎರಡನೇ ವಾರ ಹೊರಟೆವು. ಬಾಸ್ಟನ್‌ನಿಂದ ಐದು ಗಂಟೆ ಹಾರಿದರೆ ಸಾಂವ್ ಮಿಗೆಲ್ ದ್ವೀಪದ ಪೊಂಟಾ ಡೆಲ್ಗಾಡಾ. ಒಟ್ಟು ಒಂಬತ್ತು ದ್ವೀಪಗಳು, ಎಲ್ಲ ಸೇರಿ ಎರಡೂವರೆ ಲಕ್ಷಕ್ಕಿಂತ ಕಡಿಮೆ ಜನ. ಭೂಮಿಯ ಹೊರಪದರದ ತುಂಡುಗಳು ಸೇರುವ ಜಾಗವಾದ್ದರಿಂದ ಬೆಂಕಿ ಇನ್ನೂ ಆರಿಲ್ಲ. ಕೊಲ್ಲಿಯಲ್ಲಿ ಆಗ 45 ಡಿಗ್ರಿ. ಅಲ್ಲಿ ಮೋಡ, ಜಿನುಗು ಮಳೆ, ಕಣ್ಣು ಹಾಯುವಷ್ಟೂ ಹಸಿರು. ಹೊಲಗಳ ಬೇಲಿಯೆಲ್ಲ ನೀಲಿ ಹೈಡ್ರೇಂಜಿಯ ಹೂವು, ಬೇಲಿಯೊಳಗೆ ಕಪ್ಪು ಬಿಳಿ ಹಸುಗಳು. ಆಗುಂಬೆಯ ಕಡೆಯ ಯಾವುದೋ ಊರನ್ನು ಎತ್ತಿ ಸಮುದ್ರದ ನಡುವೆ ಇಟ್ಟಂತೆ.

ಫುರ್ನಾಸ್ ಎಂಬ ಊರಿನ ಕೆರೆಯ ದಡದಲ್ಲಿ ನೆಲದಿಂದ ಹಬೆ ಏಳುತ್ತದೆ. ಅಲ್ಲಿ ಗುಂಡಿ ತೋಡಿ, ಪಾತ್ರೆ ಇಳಿಸಿ, ಮಣ್ಣು ಮುಚ್ಚಿ ಸುಮಾರು ಆರು ಗಂಟೆ ಬಿಟ್ಟರೆ ಊಟ ತಾನಾಗಿ ಬೇಯುತ್ತದೆ. ನಮಗೆಂದು ತರಕಾರಿಯದ್ದೇ ಬೇರೆ ಪಾತ್ರೆ ಇಟ್ಟಿದ್ದರು. ತೆಗೆದು ಬಡಿಸಿದಾಗ ಕೋಸು, ಗೆಣಸು, ಜೊತೆಗೆ ನಮ್ಮ ಕೆಸುವಿನ ಗಡ್ಡೆ! ಇದರ ಎಲೆಯಲ್ಲಿ ಪತ್ರೊಡೆ ಮಾಡುತ್ತೇವೆ ಎಂದು ಅಡುಗೆಯವರಿಗೆ ವಿವರಿಸಿದೆವು. ಅವರು ನಂಬಿದ ಹಾಗೆ ಕಾಣಲಿಲ್ಲ. ಮರುದಿನ ಗೊರ್ರಿಯಾನಾ ಚಹಾ ತೋಟ. 19ನೇ ಶತಮಾನದಲ್ಲಿ ಇಲ್ಲಿನ ಕಿತ್ತಳೆ ಬೆಳೆ ರೋಗ ಬಂದು ನಾಶವಾದಾಗ, 1878ರಲ್ಲಿ ಮಕಾವಿನಿಂದ ತಿಳಿದವರನ್ನು ಕರೆಸಿ ಚಹಾ ಮಾಡುವುದನ್ನು ಕಲಿತರು. 1883ರಿಂದ ಈ ತೋಟ ನಡೆಯುತ್ತಿದೆ. ಫಲಕದ ಮೇಲೆ ದೊಡ್ಡದಾಗಿ ‘ಶಾ’ ಎಂದಿತ್ತು. ಅವರ ಶಾ, ನಮ್ಮ ಚಾ ಎರಡೂ ಒಂದೇ. ಆಮೇಲೆ ಬಸ್ಸಿನಲ್ಲಿ ಅದೇ ಆಟವಾಯಿತು. ಮೇಜು, ಸಾಬೂನು, ಅನಾನಸು, ಬಟಾಟೆ, ಚಾವಿ ಎಲ್ಲವೂ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಮಾತುಗಳು. ತಿಂಗಳ ಕೊನೆಗೆ ನಾವು ಕಾಯುವ ‘ಪಗಾರ’ವೂ ಅವರದ್ದೇ, ಅವರ ಭಾಷೆಯಲ್ಲಿ ‘ಪಗಾರ್’ ಎಂದರೆ ಹಣ ಕೊಡು ಎಂದರ್ಥ. ಅದಕ್ಕಿಂತ ಒಳ್ಳೆಯ ಮಾತು ಯಾವುದಿದೆ!

ಟರ್ಸೇರಾ ದ್ವೀಪದ ಅಂಗ್ರಾ ಪಟ್ಟಣದಲ್ಲಿ ಮಾರ್ಗದರ್ಶಿ ಹಳೆಯ ಮಠವೊಂದರ ಇಗರ್ಜಿ ತೋರಿಸಿದರು. ವಾಸ್ಕೊ ಡ ಗಾಮನ ಅಣ್ಣ ಪಾವ್ಲೊ ಡ ಗಾಮನನ್ನು ಮಣ್ಣು ಮಾಡಿದ್ದು ಅಲ್ಲಿ. ಭಾರತದಿಂದ ಮರಳುವಾಗ ಪಾವ್ಲೊ ಕಾಯಿಲೆ ಬಿದ್ದ. ತಮ್ಮ ಅವನನ್ನು ಈ ದ್ವೀಪಕ್ಕೆ ತಂದ. 1499ರಲ್ಲಿ ಇಲ್ಲೇ ತೀರಿಕೊಂಡ. ಲಿಸ್ಬನ್ ಇನ್ನೂ 1,500 ಕಿಲೋಮೀಟರಿನಷ್ಟು ದೂರವಿತ್ತು. 1498ರಲ್ಲಿ ಅದೇ ಹಡಗುಗಳು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ಮುಟ್ಟಿದ್ದವು ಎನ್ನುವ ಪ್ರತೀತಿ ನಮ್ಮಲ್ಲಿದೆ. ಊರು ಸಮೀಪಿಸಿದಾಗಲೇ ಸತ್ತವನ ಕಥೆ ಕೊಲ್ಲಿಯವರಿಗೆ ಹೊಸದಲ್ಲ. ಇಗರ್ಜಿಯೊಳಗೆ ನಾವಿಬ್ಬರೂ ಸುಮ್ಮನೆ ನಿಂತೆವು. ಇಲ್ಲಿಂದ ಪೆಟ್ಟಿಗೆಯಲ್ಲಿ ಊರಿಗೆ ಕಳಿಸಿಕೊಟ್ಟ ಗೆಳೆಯರ ನೆನಪಾಯಿತು.

ಆಮೇಲೆ ಫಾಯಾಲ್. ಅದರ ಪಶ್ಚಿಮದ ತುದಿಯಲ್ಲಿ ಕಪೆಲಿನ್ಯೋಸ್. 1957ರ ಸೆಪ್ಟೆಂಬರ್ 27ರಂದು ದಡದಿಂದ ಸ್ವಲ್ಪ ದೂರ ಸಮುದ್ರ ಕುದಿಯತೊಡಗಿತು. ಹದಿಮೂರು ತಿಂಗಳು ಬೂದಿ, ಕಲ್ಲು, ಲಾವಾ ಸುರಿದು ದ್ವೀಪಕ್ಕೆ ಹೊಸ ನೆಲವೇ ಅಂಟಿಕೊಂಡಿತು. ದೀಪಸ್ತಂಭದ ಅರ್ಧ ಬೂದಿಯಲ್ಲಿ ಹೂತಿದೆ. ಅದರ ಅಡಿಯಲ್ಲಿ ನೆಲದೊಳಗೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸೇಂಟ್ ಮೇರೀಸ್‌ನ ಕಂಬಗಲ್ಲುಗಳು ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷದ ಹಿಂದಿನವು. ಕಪೆಲಿನ್ಯೋಸ್‌ನ ನೆಲ ನಮ್ಮ ದೊಡ್ಡಣ್ಣನಿಗಿಂತ ಚಿಕ್ಕದು. ಒಂದು ಹುಲ್ಲುಕಡ್ಡಿಯೂ ಸರಿಯಾಗಿ ಹಿಡಿದಿಲ್ಲ.

ಆ ಬೆಂಕಿಯಲ್ಲಿ ಯಾರೂ ಸಾಯಲಿಲ್ಲ. ಆದರೆ ಮನೆ, ಗದ್ದೆ ಬೂದಿಯಡಿ ಹೋದವು. ಸೆನೆಟರುಗಳಾದ ಜಾನ್ ಪಾಸ್ಟೋರ್ ಮತ್ತು ಜಾನ್ ಎಫ್. ಕೆನಡಿ ಮುಂದೆ ನಿಂತು, 1958ರಲ್ಲಿ ಅಮೆರಿಕ ಈ ದ್ವೀಪದವರಿಗೆಂದೇ ಕಾನೂನು ಮಾಡಿ 1,500 ವೀಸಾ ಕೊಟ್ಟಿತು. ಒಂದೊಂದು ವೀಸಾ ಒಂದೊಂದು ಕುಟುಂಬದ ಯಜಮಾನನಿಗೆ. ಹೋದವರು ತಮ್ಮವರನ್ನು ಕರೆಸಿಕೊಂಡರು. ಅಕ್ಕತಂಗಿಯರ ಅಪ್ಪ ಹೀಗೆ ಹೊರಟಾಗ ಹತ್ತು ವರ್ಷದ ಹುಡುಗ.

ಅವರ ಅಜ್ಜನ ಮನೆ ನೋಡಲು ನಾವೂ ಹೋದೆವು. ಮಾಡು ಇಲ್ಲ, ಕಪ್ಪು ಕಲ್ಲಿನ ನಾಲ್ಕು ಗೋಡೆ, ಒಳಗೆ ಮುಳ್ಳುಗಿಡ. ದೂರದ ದಾಯಾದಿಯೊಬ್ಬರು ಬಂದಿದ್ದರು, ಎಪ್ಪತ್ತು ದಾಟಿದ ಹೈನುಗಾರ. ವರ್ಷಕ್ಕೊಮ್ಮೆ ಅಂಗಳದ ಮುಳ್ಳು ಕಡಿದಿಡುವುದು ಅವರೇ. ಅಕ್ಕ ಕೇಳಿದರು: ಇದನ್ನು ನೀವೇ ಇಟ್ಟುಕೊಳ್ಳಬಾರದೇ? ಆತ ನಕ್ಕರು. ಜಾಗ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಹಕ್ಕುದಾರರು ಇಪ್ಪತ್ತಕ್ಕೂ ಹೆಚ್ಚು, ಅರ್ಧ ಜನ ಕ್ಯಾಲಿಫೋರ್ನಿಯಾದಲ್ಲಿ. ಎಲ್ಲರ ಸಹಿ ಬೇಕು. ಕೆಲವರು ಈಗ ಎಲ್ಲಿದ್ದಾರೆಂದೇ ಗೊತ್ತಿಲ್ಲ. ಹಾಗಾಗಿ ಮಾರಲಾಗದು, ಕಟ್ಟಲಾಗದು, ಬಿಡಲೂ ಮನಸ್ಸಿಲ್ಲ.

ಅದನ್ನು ಮಾರ್ಗದರ್ಶಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ನಮಗೆ ಕೇಳಿಸಿದ್ದು ಕುಂದಾಪುರದ ತಾಲೂಕು ಕಚೇರಿಯ ಮಾತು. ನಮ್ಮ ಮನೆಯ ಪಹಣಿಯೂ ಇನ್ನೂ ಅಜ್ಜನ ಹೆಸರಲ್ಲೇ ಇದೆ. ದೊಡ್ಡಪ್ಪನ ಮಕ್ಕಳು ಮುಂಬೈಯಲ್ಲಿ, ಅತ್ತೆಯ ಮಕ್ಕಳು ಮಸ್ಕತ್ತಿನಲ್ಲಿ, ನಮ್ಮ ಮಗಳು ರಾಂಚೊ ಬರ್ನಾರ್ಡೊದಲ್ಲಿ. ಮನೆಯ ಚಾವಿ ಚಿಕ್ಕಪ್ಪನ ಮಗನ ಹತ್ತಿರ.

ಆ ಸಂಜೆ ದೋಣಿಯಲ್ಲಿ ಅರ್ಧ ಗಂಟೆ ದಾಟಿ ಪಿಕೊ ದ್ವೀಪಕ್ಕೆ ಹೋದೆವು. ಮುಳ್ಳಯ್ಯನಗಿರಿಗಿಂತ ನಾನೂರು ಮೀಟರಿಗೂ ಹೆಚ್ಚು ಎತ್ತರದ ಶಿಖರ, 2,351 ಮೀಟರು. ಅದರ ಬುಡದಲ್ಲಿ ಲಾವಾ ಕಲ್ಲು ಆರಿಸಿ ಚಿಕ್ಕ ಚಿಕ್ಕ ಚೌಕದ ಗೋಡೆ ಕಟ್ಟಿ, ಸಮುದ್ರದ ಗಾಳಿ ತಾಗದಂತೆ ಒಳಗೆ ದ್ರಾಕ್ಷಿ ಬೆಳೆಸಿದ್ದಾರೆ. 2004ರಿಂದ ಅದು ಯುನೆಸ್ಕೊದ ವಿಶ್ವ ಪರಂಪರೆಯ ತಾಣ. ಊರಲ್ಲಿ ಉಳಿದವರು ಆ ಗೋಡೆಗಳನ್ನು ಬೀಳಗೊಡದೆ ಕಾದಿದ್ದಾರೆ. ಹೋದವರು ಪಾಯಿಂಟ್ ಲೋಮಾದಲ್ಲಿ ಸಭಾಭವನ ಕಾದಿದ್ದಾರೆ. ಅವರಿಗೆ ಹೋದ ದೇಶದಲ್ಲೇ ನೆಲೆ ಸಿಕ್ಕಿತು, ಎರಡು ಕಡೆಯೂ ಕಾಲೂರಲು ಜಾಗವಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಕೆಲಸ ಮುಗಿದ ದಿನ ವೀಸಾವೂ ಮುಗಿಯುತ್ತದೆ. ಇಲ್ಲಿ ಮಕ್ಕಳಿಗೆ ಬಿಟ್ಟುಹೋಗಲು ಕಟ್ಟಡವಿಲ್ಲ. ಮರಳಲು ಇರುವುದು ಊರೊಂದೇ, ಅದರ ಕಾಗದಪತ್ರವನ್ನು ಕೈಕಾಲು ಗಟ್ಟಿ ಇರುವಾಗಲೇ ನೋಡಿಕೊಳ್ಳಬೇಕು ಎಂದು ಆ ರಾತ್ರಿ ಮಾತಾಡಿಕೊಂಡೆವು. ನಿವೃತ್ತಿಯ ನಂತರ ತನ್ನ ಜೊತೆಗೇ ಇರಿ ಎಂದು ಮಗಳು ಹೇಳುತ್ತಿದ್ದಾಳೆ. ಬರುತ್ತಾ ಹೋಗುತ್ತಾ ಇರುತ್ತೇವೆ, ಆದರೆ ಮೊದಲು ಪಾಲುಪಟ್ಟಿ ಆಗಲಿ ಎಂದು ಅವಳಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆವು.

ಲಿಸ್ಬನ್ ಮೂಲಕ ಕೊಲ್ಲಿಗೆ ಬಂದ ವಾರವೇ ದೊಡ್ಡಪ್ಪನ, ಅತ್ತೆಯ ಮಕ್ಕಳನ್ನೆಲ್ಲ ಸೇರಿಸಿ ವಾಟ್ಸಾಪ್ ಗುಂಪು ಮಾಡಿದೆವು. ಹನ್ನೊಂದು ಜನರಲ್ಲಿ ಒಂಬತ್ತು ಜನ ಒಪ್ಪಿದ್ದಾರೆ. ಇನ್ನಿಬ್ಬರ ಜೊತೆ ಎದುರು ಕೂತೇ ಮಾತಾಡಬೇಕು. ಚಿಕ್ಕಪ್ಪನ ಮಗ ಅಂಗಳದ ಫೋಟೊ ಕಳಿಸಿದ. ಜೊತೆಗೆ ಧ್ವನಿ ಸಂದೇಶ: “ಮಳೆಗೆ ಹಿಂದಿನ್ ಮಾಡಿನ್ ಹಂಚ್ ನಾಕೈದ್ ಹಾರಿ ಹೋಯಿತ್. ಯಾವಾಗ ಬತ್ರಿ?” ಡಿಸೆಂಬರಿಗೆ ಟಿಕೆಟ್ ತೆಗೆದಿದ್ದೇವೆ.